ತಂತಿಗೆ ಚುಚ್ಚಿದ ಚೀಟಿಗಳು

ನಾನು ಓದು ನಿಲ್ಲಿಸಿದ್ದು ೧೯೮೩ರಲ್ಲಿ, ಎಂಟನೇ ಕ್ಲಾಸಿನ ನಡುವೆ. ಫೇಲಾಗಿ ಬಿಟ್ಟನೆಂದು ನೀವು ತಿಳಿದುಕೊಳ್ಳಬಾರದು, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ. ಲೆಕ್ಕದಲ್ಲಿ ನನಗೆ ಯಾವಾಗಲೂ ಒಳ್ಳೆಯ ನಂಬರು. ಕುಣಿಗಲ್‌ನಲ್ಲಿ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದ ನಮ್ಮಪ್ಪನ ಮಂಡಿಗೆ ಒಂದು ಕಂದು ಕುದುರೆ ಒದ್ದಿತು. ಅಪ್ಪ ಹಾಸಿಗೆ ಹಿಡಿದರು, ನಾನು ತುಮಕೂರಿನ ಬಸ್ಸು ಹಿಡಿದೆ. ಒಂದು ಲೇತ್ ವರ್ಕ್‌ಶಾಪಿನಲ್ಲಿ ಮೊದಲು ಕಸ ಗುಡಿಸಿದೆ, ಆಮೇಲೆ ಮಿಷನ್ನಿಗೆ ಎಣ್ಣೆ ಹಾಕಿದೆ, ಆಮೇಲೆ ತಿರುಗುವ ಕಬ್ಬಿಣವನ್ನು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದ ಹಾಗೆ ಹೆರೆಯುವುದನ್ನು ಕಲಿತೆ. ಇವತ್ತು ತುಮಕೂರಿನ ಪಕ್ಕದ ಹಿರೇಹಳ್ಳಿಯಲ್ಲಿ ನನ್ನದೇ ಶೆಡ್ಡು ಇದೆ. ಡಿಪ್ಲೊಮಾ ಮಾಡಿದವರು ಡ್ರಾಯಿಂಗ್ ಹಿಡಿದು ಬಂದು, "ಅಣ್ಣ, ಇದು ಆಗುತ್ತಾ ನೋಡಿ" ಅನ್ನುತ್ತಾರೆ. ಇಷ್ಟು ಜಂಭ ಕೊಚ್ಚಿಕೊಂಡ ಮೇಲೆ ಮುಂದಿನದನ್ನು ಬರೆಯಲು ಸ್ವಲ್ಪ ಧೈರ್ಯ ಬರಬಹುದು.

ಮೇಜಿನ ಮೇಲೆ ನನ್ನೆದುರಿಗೆ ಒಂದು ತಂತಿ ಇದೆ. ದಿನಸಿ ಅಂಗಡಿಯವರು ಬಿಲ್ಲು ಚುಚ್ಚಿ ಗೋಡೆಗೆ ನೇತುಹಾಕುತ್ತಾರಲ್ಲ, ಅಂಥದು. ಅವರದು ತುಕ್ಕು ಹಿಡಿದಿರುತ್ತದೆ. ನನ್ನದು ಸ್ಟೀಲಿನದು, ನಾನೇ ಮಾಡಿದ್ದು, ಮೊನೆ ಇನ್ನೂ ಮೊದಲಿನಷ್ಟೇ ಚೂಪು. ಅದರ ತುಂಬ ಚೀಟಿಗಳು. ನೋಟ್ ಬುಕ್ಕಿನ ಹಾಳೆ, ಮದುವೆ ಕಾಗದದ ಹಿಂಬದಿ, ಮಾತ್ರೆ ಕಟ್ಟಿಕೊಟ್ಟ ಪೊಟ್ಟಣ, ಕೈಗೆ ಸಿಕ್ಕಿದ್ದರಲ್ಲಿ ಜನ ಬರೆದದ್ದು. ಹಣ್ಣು ಬಿಡುವ ಕಾಲವೇ ಅಲ್ಲದಾಗ ಯೇಸು ಅಂಜೂರದ ಮರಕ್ಕೆ ಯಾಕೆ ಶಾಪ ಕೊಟ್ಟ? ಮಗಳಿಗಾಗಿ ಬೇಡಿಕೊಂಡು ಬಂದ ಪರದೇಶದ ಹೆಂಗಸಿನ ಎದುರು ನಾಯಿಯ ಮಾತು ಯಾಕೆ ಎತ್ತಿದ? ಹೆತ್ತವರನ್ನು ದ್ವೇಷಿಸು ಅಂದರೆ ಏನರ್ಥ? ಯಜಮಾನನ ಲೆಕ್ಕ ತಿದ್ದಿದ ಮೋಸಗಾರ ಮನೆವಾರ್ತೆಯವನನ್ನು ಹೊಗಳಿದ್ದು ಯಾಕೆ? ಇಂಥವೇ.

ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಯ ಹಾಲಿನಲ್ಲಿ ಹದಿನೆಂಟು ವರ್ಷದಿಂದ ಬುಧವಾರ ಸಂಜೆ ಬೈಬಲ್ ಓದುವ ಕೂಟ ನಡೆಯುತ್ತದೆ. ಹದಿನೈದು ಇಪ್ಪತ್ತು ಜನ, ಒಂದು ಜಮಖಾನ, ಕೊನೆಗೆ ಟೀ. ಚರ್ಚಿನಲ್ಲಿ ಕೇಳಲು ನಾಚಿಕೆಪಡುವುದನ್ನು ಇಲ್ಲಿ ಕೇಳಲಿ ಎಂದು ತಗಡಿನಲ್ಲಿ ಒಂದು ಡಬ್ಬ ಮಾಡಿ, ಮೇಲೆ ಸೀಳು ಕೊಯ್ದು, ಬೀಗ ಹಾಕಿ ಬಾಗಿಲ ಪಕ್ಕ ಇಟ್ಟೆ. ನಿಯಮ ನನ್ನದೇ. ಚೀಟಿಯಲ್ಲಿ ಹೆಸರು ಬರೆಯಬಾರದು. ಅಕ್ಷರ ನೋಡಿ ನಾನು ಗುರುತು ಹಿಡಿಯಬಾರದು ಎಂದು ಚೀಟಿಯನ್ನು ನನ್ನ ಕೈಗೇ ಕೊಡುತ್ತಿರಲಿಲ್ಲ. ರಿಟೈರಾದ ಶಾಂತ ಟೀಚರ್ ಬೀಗ ತೆಗೆದು, ಗಟ್ಟಿಯಾಗಿ ಓದಿ, ಬರೆದ ಬದಿ ಕೆಳಗೆ ಮಾಡಿ ತಂತಿಗೆ ಚುಚ್ಚುತ್ತಿದ್ದರು. ನಾನು ಎದ್ದು ನಿಂತು ಉತ್ತರ ಹೇಳುತ್ತಿದ್ದೆ. "ಯಾರು ಕೇಳಿದರು ಅನ್ನೋದು ಮುಖ್ಯ ಅಲ್ಲ, ಏನು ಕೇಳಿದರು ಅನ್ನೋದು ಮುಖ್ಯ" ಎಂದು ಪ್ರತಿ ಸಲ ಹೇಳುತ್ತಿದ್ದೆ. ಎಷ್ಟು ಚೆನ್ನಾಗಿ ಹೇಳುತ್ತೇನೆ ಎಂದು ನನಗೇ ಅನ್ನಿಸುತ್ತಿತ್ತು.

ಆಟೋ ಓಡಿಸುವ ಸೈಮಣ್ಣ ಸುಮ್ಮನೆ ಕೂರುವವನಲ್ಲ.

"ಅಣ್ಣ, ಸೀಜನ್ ಅಲ್ದಾಗ ಹಣ್ಣಿಲ್ಲ ಅಂತ ಮರನ ಒಣಗ್ಸಿದ್ರೆ ಅದು ನ್ಯಾಯವಾ? ಸಿಎನ್‌ಜಿ ಬಂಕೇ ತೆಗ್ದಿಲ್ಲ, ಗಾಡಿ ಯಾಕ್ ಓಡ್ತಿಲ್ಲ ಅಂತ ಬಯ್ದಂಗಾಯ್ತು."

"ಎಲೆ ಬಿಟ್ಟಿತ್ತಲ್ಲೋ. ಎಲೆ ಬರೋಕೆ ಮುಂಚೆನೇ ಅದರಲ್ಲಿ ಸಣ್ಣ ಕಾಯಿ ಬರ್ಬೇಕು. ಹೊರಗೆ ಎಲ್ಲ ಇದೆ ಅಂತ ತೋರ್ಸಿ ಒಳಗೆ ಏನೂ ಇಲ್ದೇ ಇದ್ದಿದ್ದು ಅದರ ತಪ್ಪು."

"ಯಾರ್ಗೋ ಹೇಳ್ದಂಗಿದೆ ಬುಡಿ" ಎಂದು ಅವನು ಪಕ್ಕದವರನ್ನು ನೋಡಿ ನಗುತ್ತಿದ್ದ. ನಾನೂ ನಗುತ್ತಿದ್ದೆ. ಯಾರಿಗೆ ಹೇಳಿದ ಹಾಗಿತ್ತು ಎಂದು ಆಗ ಯೋಚಿಸಲಿಲ್ಲ.

ಹಣವಂತ ಸ್ವರ್ಗಕ್ಕೆ ಹೋಗುವುದಕ್ಕಿಂತ ಒಂಟೆ ಸೂಜಿಯ ಕಣ್ಣಿನಲ್ಲಿ ತೂರುವುದು ಸುಲಭ ಎಂಬ ಮಾತು ಬಂದಾಗ, ಸೂಜಿಯ ಕಣ್ಣು ಅಂದರೆ ಜೆರುಸಲೇಮಿನ ಒಂದು ಚಿಕ್ಕ ಬಾಗಿಲು, ಒಂಟೆ ಮಂಡಿಯೂರಿ ಅದರೊಳಗೆ ಹೋಗುತ್ತಿತ್ತು ಎಂದು ಯಾರೋ ವಿವರಿಸಿದರು. ನಾನು ಬಿಡಲಿಲ್ಲ. "ಸೂಜಿ ಅಂದ್ರೆ ಸೂಜಿ. ನಾನು ಲೇತ್ ಕೆಲಸದವನು. ಅಳತೆ ಕೂಡಲ್ಲ ಅಂತ ತೂತು ದೊಡ್ಡದು ಮಾಡೋ ಹಂಗಿಲ್ಲ" ಅಂದೆ. ಎಲ್ಲರೂ ತಲೆದೂಗಿದರು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಬೇರೆ ಕಡೆ ತೂತು ದೊಡ್ಡದು ಮಾಡಿದವನು ನಾನೇ.

ಉತ್ತರ ಹೇಳುವ ಈ ಚಪಲ ನನಗೆ ಎಲ್ಲಿಂದ ಬಂತು ಎಂದು ನನಗೆ ಗೊತ್ತು. ಕುಣಿಗಲ್‌ನ ನಮ್ಮ ಮನೆಯಲ್ಲಿ ಸಂಜೆ ಅಪ್ಪ ಸುವಾರ್ತೆ ಓದುತ್ತಿದ್ದರು. ಗೊರಸು ಸುಟ್ಟ ವಾಸನೆ ಎಷ್ಟು ಸೋಪು ಹಾಕಿದರೂ ಅವರ ಕೈ ಬಿಡುತ್ತಿರಲಿಲ್ಲ. ಹಾಳೆ ತಿರುಗಿಸುವ ಮೂಲೆಯಲ್ಲೆಲ್ಲ ಹೆಬ್ಬೆಟ್ಟಿನ ಕಪ್ಪು ಗುರುತು. ಒಂದು ದಿನ ಚರ್ಚಿನ ಉಪದೇಶಿಯವರು ಮನೆಗೆ ಬಂದಿದ್ದಾಗ ನಾನು ಕೇಳಿದೆ: "ಅಪ್ಪ, ದೆವ್ವ ಹೊಕ್ಕು ಆ ಹಂದಿಗಳೆಲ್ಲ ಕೆರೆಗೆ ಬಿದ್ದು ಸತ್ವಲ್ಲ, ಅವು ಯಾರ ಹಂದಿ? ಅವನು ಏನ್ ಮಾಡ್ದ?"

ಅಪ್ಪ ಪುಸ್ತಕದ ಮೇಲೆ ಬೆರಳಿಟ್ಟು ಆ ಸಾಲನ್ನು ಮತ್ತೆ ಓದಿದರು. "ಗೊತ್ತಿಲ್ಲ ಕಣ್ಲಾ. ಪಾಪ, ಆ ಹಂದಿಯವನನ್ನೇ ಕೇಳ್ಬೇಕು" ಅಂದರು.

ಉಪದೇಶಿಯವರು ಟೀ ಲೋಟ ಅಲ್ಲಾಡುವ ಹಾಗೆ ನಕ್ಕರು. ಅಪ್ಪನೂ ನಕ್ಕರು. ನನಗೆ ಮಾತ್ರ ನಾಚಿಕೆಯಾಗಿ ಕಿವಿ ಬಿಸಿಯಾಯಿತು. ನಾನು ದೊಡ್ಡವನಾದ ಮೇಲೆ ಯಾರ ಮುಂದೂ ಗೊತ್ತಿಲ್ಲ ಅನ್ನುವುದಿಲ್ಲ ಎಂದು ಅವತ್ತು ತೀರ್ಮಾನಿಸಿದೆ. ಹಾಗೇ ನಡೆದುಕೊಂಡೆ. ಸಿಕ್ಕಿದ ವ್ಯಾಖ್ಯಾನವನ್ನೆಲ್ಲ ಓದಿದೆ, ಪಾಸ್ಟರುಗಳ ಹಿಂದೆ ಬಿದ್ದು ಕೇಳಿದೆ. ಎಂಟನೇ ಕ್ಲಾಸಿಗೆ ಬಿಟ್ಟವನು ಹೀಗೆ ಹೇಳುತ್ತಾನಲ್ಲ ಎಂದು ಜನ ಅಂದಾಗ ಆ ದಿನದ ಟೀ ಲೋಟ ನೆನಪಾಗುತ್ತಿತ್ತು.

ಈಗ ನನ್ನ ಹೆಂಡತಿಯ ವಿಷಯ. ಅವಳ ಊರು ಗುಬ್ಬಿ, ಹೆಸರು ಗಂಗಾಂಬಿಕೆ, ಶಿವಪೂಜೆಯ ಮನೆಯವಳು. ಅವರಪ್ಪನಿಗೆ ತೆಂಗಿನ ತೋಟ, ಜೊತೆಗೆ ಒಂದು ರಾಗಿ ಮಿಲ್ಲು. ಮಿಲ್ಲಿನ ಶಾಫ್ಟು ಮುರಿದಾಗ ಹೊಸದು ಮಾಡಿಕೊಡಲು ನಾನು ಹೋಗಿದ್ದೆ. ಹಣೆಯ ತುಂಬ ವಿಭೂತಿ ಹಚ್ಚಿದ್ದ ಆ ಯಜಮಾನರು ಶಾಫ್ಟಿನ ಮೇಲೆ ಕೈಯಾಡಿಸಿ, "ಕೈ ಐತೆ ಕಣಯ್ಯ ನಿಂಗೆ" ಅಂದರು. ಹಾಗೆ ಹೊಗಳಿದವರ ಮಗಳನ್ನೇ ಎರಡು ವರ್ಷದ ಮೇಲೆ ಮದುವೆಯಾದೆ. ಅವರು ಬಾಗಿಲು ಹಾಕಿಕೊಂಡರು. ನಾನೂ ಬಿಸಿರಕ್ತದವನು. "ನಮ್ಮನ್ನ ಆಚೆ ಹಾಕಿದ ಹೊಸಿಲನ್ನ ನಾನೂ ತುಳಿಯಲ್ಲ, ನೀನೂ ತುಳಿಯೋ ಹಂಗಿಲ್ಲ" ಅಂದೆ. ಅವಳು ಹೂಂ ಅಂದಳು. ದೀಕ್ಷಾಸ್ನಾನವನ್ನೂ ಪಡೆದಳು; ಚರ್ಚಿನಲ್ಲಿ ಗ್ರೇಸಮ್ಮ ಆದಳು, ನನಗೆ ಗಂಗಾ ಆಗಿಯೇ ಉಳಿದಳು.

ಮೊದಲೆಲ್ಲ ಅವಳು ಎಷ್ಟು ಪ್ರಶ್ನೆ ಕೇಳುತ್ತಿದ್ದಳು! ಮುದ್ದೆ ತೊಳಸುತ್ತ ಕೇಳುತ್ತಿದ್ದಳು, ಬಟ್ಟೆ ಹಿಂಡುತ್ತ ಕೇಳುತ್ತಿದ್ದಳು. "ರೀ, ಮದುವೆಗೆ ದೀಪ ಹಿಡ್ಕೊಂಡು ಕಾಯ್ತಿದ್ರಲ್ಲ, ಆ ಐದು ಜನ ಬುದ್ಧಿವಂತ ಹುಡುಗೀರು ಮಿಕ್ಕೋರಿಗೆ ಒಂಚೂರು ಎಣ್ಣೆ ಕೊಟ್ಟಿದ್ರೆ ಏನ್ ಹೋಗ್ತಿತ್ತು? ನಮ್ಮ ಬೀದಿಯವ್ರೇ ಎಷ್ಟೋ ವಾಸಿ." ನಾನು ಸೌಟಿಗೆ ಕಾಯುವ ತಟ್ಟೆಯ ಹಾಗೆ ಕಾಯುತ್ತಿದ್ದೆ, ಅವಳು ಯಾವಾಗ ಕೇಳುತ್ತಾಳೋ ಎಂದು.

ಹನ್ನೊಂದು ವರ್ಷದ ಕೆಳಗೆ ಅದು ನಿಂತುಹೋಯಿತು. ಒಮ್ಮೆಲೇ ನಿಂತಿತು. ಆಮೇಲೆ ಅವಳು ನನ್ನನ್ನು ಕೇಳಿದ್ದೆಲ್ಲ ಊಟಕ್ಕೆ ಏನು, ಬರುವುದು ಎಷ್ಟು ಹೊತ್ತಿಗೆ ಎಂಬಂಥದ್ದು. ಬುಧವಾರ ಟೀ ಮಾಡುತ್ತಾಳೆ, ಅಡುಗೆಮನೆಯ ಬಾಗಿಲಲ್ಲಿ ಕೂತು ಕೇಳುತ್ತಾಳೆ, ಲೋಟ ತೊಳೆಯುತ್ತಾಳೆ. ನಾನು ಏನು ತಿಳಿದೆ ಗೊತ್ತೇ? ಅವಳ ಸಂಶಯಗಳೆಲ್ಲ ಬಗೆಹರಿದವು ಎಂದು. ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಂಡೂ ಇದ್ದೇನೆ.

ಕೆಲವು ತಿಂಗಳ ಹಿಂದೆ ನಮ್ಮ ಪಾಸ್ಟರು ಒಂದು ಮಾತು ಅಂದರು. "ಅಣ್ಣ, ನಿಮ್ಮ ಉತ್ತರಗಳನ್ನೆಲ್ಲ ಸೇರಿಸಿ ಒಂದು ಸಣ್ಣ ಪುಸ್ತಕ ಮಾಡೋಣ. ಎಲ್ಲರೂ ಕೇಳೋದು ಇವೇ ಪ್ರಶ್ನೆಗಳು." ಆ ರಾತ್ರಿ ನನಗೆ ಊಟ ಸೇರಲಿಲ್ಲ, ಅಷ್ಟು ಸಂತೋಷ. ಭಾನುವಾರ ಮಧ್ಯಾಹ್ನ ತಂತಿಯನ್ನು ಗೋಡೆಯಿಂದ ಇಳಿಸಿ, ಚೀಟಿಗಳನ್ನು ಒಂದೊಂದಾಗಿ ತೆಗೆದು, ಮೊದಲ ಸಲ ಕಣ್ಣಾರೆ ಓದುತ್ತ ಕೂತೆ. ನಡುವೆ ಎಲ್ಲೋ ಒಂದು ಕ್ಯಾಲೆಂಡರ್ ಹಾಳೆಯ ತುಂಡು ಬಂತು.

ತಂದೆಗೆ ಮಣ್ಣು ಮಾಡಿ ಬರುತ್ತೇನೆ ಅಂದವನಿಗೆ ಯೇಸು ಯಾಕೆ ಬೇಡ ಅಂದರು? ಹೋಗಿ ಬಂದಿದ್ದರೆ ತಪ್ಪಾಗುತ್ತಿತ್ತಾ?

ಆ ಅಕ್ಷರವನ್ನು ನಾನು ದಿನಾ ಅಡುಗೆಮನೆಯಲ್ಲಿ ನೋಡುತ್ತೇನೆ. ಹುಳಿಪುಡಿ, ಕಡಲೆಬೇಳೆ, ಸಕ್ಕರೆ ಎಂದು ಡಬ್ಬಗಳ ಮೇಲೆ ಚೀಟಿ ಅಂಟಿಸಿರುವುದು ಅದೇ ಕೈ.

ಹನ್ನೊಂದು ವರ್ಷದ ಹಿಂದೆ ಶಾಂತ ಟೀಚರ್ ಆ ಚೀಟಿ ಓದಿದ ಬುಧವಾರ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅವತ್ತು ನಾನು ಬಹಳ ಚೆನ್ನಾಗಿ ಮಾತಾಡಿದ್ದೆ. ಅದು ಕಷ್ಟದ ಮಾತು. ಶಿಷ್ಯನಾಗಬೇಕು ಎಂದವನೊಬ್ಬ ಮೊದಲು ಅಪ್ಪನನ್ನು ಮಣ್ಣು ಮಾಡಿ ಬರುತ್ತೇನೆ ಅನ್ನುತ್ತಾನೆ. ಸತ್ತವರ ಕೆಲಸ ಸತ್ತವರಿಗೇ ಇರಲಿ, ನೀನು ಬಾ ಎಂದು ಅವನಿಗೆ ಉತ್ತರ ಬರುತ್ತದೆ. ಕೇಳಿದವರಿಗೆ ಎದೆ ಝಲ್ಲೆನ್ನುತ್ತದೆ. ಅದನ್ನು ಮೆತ್ತಗೆ ಮಾಡುವ ಒಂದು ವಿವರಣೆ ಇದೆ, ನಾನು ಎಲ್ಲೋ ಓದಿದ್ದೆ. ಅದನ್ನೇ ಹೇಳಿದೆ: "ಅವರಪ್ಪ ಸತ್ತೇ ಇರಲಿಲ್ಲ ಕಣ್ರಪ್ಪ! ಸತ್ತಿದ್ರೆ ಇವನು ದಾರಿಯಲ್ಲಿ ನಿಂತು ಯಾಕೆ ಮಾತಾಡ್ತಿದ್ದ? ಅಪ್ಪ ಮನೇಲಿ ಬದುಕೇ ಇದಾನೆ. ಅವನು ಸಾಯೋವರೆಗೂ ಕಾದು ಆಮೇಲೆ ಬರ್ತೀನಿ ಅಂತ ಇವನ ನೆಪ. ಬದುಕಿರೋ ಅಪ್ಪನ ಪಕ್ಕ ಸಾವಿಗೆ ಕಾಯ್ತಾ ಕೂರೋದು ಭಕ್ತಿ ಅಲ್ಲ, ನೆಪ!"

ಜನರಿಗೆ ನೆಮ್ಮದಿಯಾಯಿತು. ಹೆಣ ಮನೆಯಲ್ಲಿಟ್ಟು ಬಂದವನನ್ನು ಯೇಸು ತಡೆದಿಲ್ಲವಲ್ಲ. ಸೈಮಣ್ಣ, "ಅಬ್ಬ, ಈಗ ಸರ್ಯಾಯ್ತು ಅಣ್ಣ" ಅಂದ. ಗಂಗಾ ಟೀ ತಂದುಕೊಟ್ಟಳು.

ಅದಾಗಿ ಹತ್ತು ಹನ್ನೆರಡು ದಿನಕ್ಕೆ, ನಾನು ಕೆಲಸದಿಂದ ಬಂದಾಗ ಅವಳು ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ, "ಅಪ್ಪ ಹೋದ್ರಂತೆ" ಅಂದಳು. ಹೋಗಬೇಕೇನೇ ಅಂದೆ. "ಮಧ್ಯಾಹ್ನನೇ ಮಣ್ಣಾಯ್ತಂತೆ" ಅಂದಳು. ನಾನು ಕೈಕಾಲು ತೊಳೆದು, ನಮ್ಮನ್ನು ಹೊರಗೆ ಹಾಕಿದ ಆ ಮನುಷ್ಯನಿಗಾಗಿ ಪ್ರಾರ್ಥನೆ ಮಾಡಿದೆ. ನನ್ನ ದೊಡ್ಡ ಮನಸ್ಸು ನನಗೇ ಮೆಚ್ಚಿಗೆಯಾಯಿತು.

ಆ ಭಾನುವಾರ ಚೀಟಿ ಹಿಡಿದು ಅಡುಗೆಮನೆಗೆ ಹೋದೆ. ಅವಳು ಒಲೆ ಒರೆಸುತ್ತಿದ್ದಳು.

"ಇದು ನೀನು ಬರ್ದಿದ್ದಾ?"

ನೋಡಿದಳು. "ಹೂಂ."

"ನಿಮ್ಮಪ್ಪನಿಗೆ ಹುಷಾರಿಲ್ಲ ಅಂತ ಗೊತ್ತಿತ್ತಾ ನಿಂಗೆ ಆಗ?"

"ಮಲ್ಲೇಶ ಫೋನ್ ಮಾಡಿದ್ದ. ಅಪ್ಪ ನನ್ನ ಹೆಸ್ರು ಹೇಳ್ತವ್ರೆ, ಒಂದ್ಸಲ ಬಂದೋಗಕ್ಕ ಅಂದ." ಮಲ್ಲೇಶ ಅವಳ ತಮ್ಮ.

"ಮತ್ತೆ ನನ್ನನ್ನ ಯಾಕೆ ಕೇಳ್ಲಿಲ್ಲ ನೀನು?"

"ಕೇಳಿದ್ನಲ್ಲ" ಅಂದಳು.

ನಾನು ಚೀಟಿಯನ್ನು ಮತ್ತೆ ಓದಿದೆ. ಅವಳು ಬಟ್ಟೆ ಹಿಂಡಿ ಕಟ್ಟೆಯ ಮೇಲೆ ಹರವಿದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. "ಹೊಸಿಲು ತುಳಿಬೇಡ ಅಂದಿದ್ರಿ. ಅದಕ್ಕೆ ನಿಮ್ಮನ್ನ ಕೇಳೋದು ಬೇಡ, ದೇವ್ರನ್ನೇ ಕೇಳೋಣ ಅಂತ ಡಬ್ಬಕ್ಕೆ ಹಾಕ್ದೆ. ನೀವು ಚೆನ್ನಾಗೇ ಹೇಳಿದ್ರಿ. ಸತ್ತಿದ್ರೆ ಬೇರೆ, ಬದುಕಿರೋರ ಹತ್ರ ಹೋಗಿ ಕೂರೋದು ನೆಪ ಅಂದ್ರಿ. ನಮ್ಮಪ್ಪ ಬದುಕೇ ಇದ್ರಲ್ಲ ಆಗ."

ನಾನು ಹೋಗಿ ಸುವಾರ್ತೆ ತೆಗೆದು ಆ ಜಾಗ ಓದಿದೆ. ಎರಡು ಕಡೆ ಇದೆ, ಎರಡನ್ನೂ ಓದಿದೆ. ಅಪ್ಪ ಬದುಕಿದ್ದ ಎಂದು ಅಲ್ಲಿ ಬರೆದಿಲ್ಲ. ಸತ್ತಿದ್ದ ಎಂದೂ ಬಿಡಿಸಿ ಬರೆದಿಲ್ಲ. ಅಳತೆ ಕೂಡಲಿಲ್ಲ ಎಂದು ಯಾರೋ ತೂತು ದೊಡ್ಡದು ಮಾಡಿದ್ದರು; ನಾನು ವರ್ನಿಯರ್ ಹಿಡಿದು ಅಳತೆ ನೋಡದೆ ತೆಗೆದುಕೊಂಡಿದ್ದೆ. ಮೆತ್ತಗೆ ಮಾಡಿದ ಮಾತೇ ಒಬ್ಬಳಿಗೆ ಕತ್ತಿಯಾಗಿತ್ತು. ಯಾರು ಕೇಳಿದರು ಅನ್ನುವುದು ಮುಖ್ಯವಲ್ಲ ಅಂದವನು ನಾನು. ಗೊತ್ತಿಲ್ಲ ಅಂದಿದ್ದರೆ ಅವಳು ಮಾರನೆಯ ಬೆಳಿಗ್ಗೆ ಗುಬ್ಬಿಯ ಬಸ್ಸು ಹತ್ತುತ್ತಿದ್ದಳು. ನನ್ನಪ್ಪನಿಗೆ ಅಷ್ಟು ಸಲೀಸಾಗಿ ಬರುತ್ತಿದ್ದ ಮಾತು ನನಗೆ ಬಾಯಿಗೆ ಬರಲಿಲ್ಲ.

ಮುಂದಿನ ಶನಿವಾರ ಶೆಡ್ಡಿಗೆ ರಜಾ ಹಾಕಿ, "ಗುಬ್ಬಿಗೆ ಹೋಗೋಣ ಏಳು" ಅಂದೆ. ಅವಳು ನನ್ನ ಮುಖ ನೋಡಿದಳು, ಯಾಕೆ ಎಂದು ಕೇಳಲಿಲ್ಲ. ಅದು ನನಗೆ ಚುಚ್ಚಿತು. ಇನ್ನು ಮೇಲೆ ಇವಳು ನನ್ನನ್ನು ಏನನ್ನೂ ಕೇಳುವುದಿಲ್ಲವೇನೋ ಎಂಬ ಹೆದರಿಕೆಯಲ್ಲೇ ಗುಬ್ಬಿಯವರೆಗೂ ಬಸ್ಸಿನಲ್ಲಿ ಕೂತಿದ್ದೆ. ಸತ್ತವರು ಹೇಗೂ ಸಿಗುವುದಿಲ್ಲ. ಇವಳಾದರೂ ಸಿಗುತ್ತಾಳೆಯೇ ಎಂಬುದಷ್ಟೇ ನನಗೆ ಉಳಿದಿತ್ತು.

ಮಲ್ಲೇಶ ಮಿಲ್ಲಿನ ಬಾಗಿಲಲ್ಲಿ ನಿಂತಿದ್ದ. ರೆಪ್ಪೆಯವರೆಗೂ ರಾಗಿ ಹಿಟ್ಟು.

"ಏನ್ ಭಾವ, ದಾರಿ ತಪ್ತಾ?"

"ತಪ್ಪಿತ್ತು ಮಲ್ಲೇಶ. ಈಗ ಸಿಕ್ತು."

"ಬಾಳ ಬೇಗ ಸಿಕ್ಬುಡ್ತು" ಅಂದ. ಅನ್ನಲಿ ಎಂದೇ ಹೋಗಿದ್ದೆ. ಅಕ್ಕನ ಕೈ ಹಿಡಿದ ಮೇಲೆ ಅವನ ದನಿ ಇಳಿಯಿತು. "ಕೊನೆ ಮೂರು ದಿನ ಬಾಗ್ಲು ಕಡೆನೇ ನೋಡ್ತಿದ್ರು ಕಣಕ್ಕ. ಬಸ್ ಸದ್ದಾದ್ರೆ ಸಾಕು, ಗಂಗ ಬಂದ್ಲೇನೋ ನೋಡ್ಲಾ ಅನ್ನೋರು."

ಅವಳು ಸೆರಗಿನಿಂದ ಅವನ ರೆಪ್ಪೆಯ ಹಿಟ್ಟು ಒರೆಸಿದಳು. ನಾನು ತಲೆ ಬಗ್ಗಿಸಿದವನು ಮಿಲ್ಲಿನ ಕಡೆ ನೋಡಿದೆ. ಬೆಲ್ಟು ತಿರುಗುತ್ತಿತ್ತು. ಅದರೊಳಗಿನ ಶಾಫ್ಟು ನನಗೆ ಗುರುತು ಹತ್ತಿತು.

"ಅದೇ ಭಾವ, ನೀವ್ ಮಾಡಿದ್ದು" ಅಂದ ಮಲ್ಲೇಶ. "ಮೋಟ್ರು ಬದ್ಲಾಯ್ಸಿದ್ವಿ, ಕಲ್ಲು ಬದ್ಲಾಯ್ಸಿದ್ವಿ. ಹೊಸ ಶಾಫ್ಟ್ ಹಾಕ್ಸಣ ಅಂದ್ರೆ ಅಪ್ಪ ಬುಡ್ಲಿಲ್ಲ. ಅದ್ರಂಥದ್ದು ಇನ್ನೊಂದು ಬರಲ್ಲ, ಮುಟ್ಬೇಡ ಅನ್ನೋರು."

ಹೊಗಳಿಕೆ ಕೇಳಿ ಅತ್ತದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಸಮಾಧಿ ತೋಟದ ಕೊನೆಯಲ್ಲಿದೆ. ಅವರಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಮೇಲೆ ಒಂದು ಚಿಕ್ಕ ಕಲ್ಲು. ಮಲ್ಲೇಶ ಕಲ್ಲಿಗೆ ವಿಭೂತಿ ಹಚ್ಚಿ, ಪತ್ರೆ ಇಟ್ಟು, ನಮ್ಮ ಕಡೆ ತಿರುಗಿದ. ನಾವು ಏನು ಮಾಡುತ್ತೇವೋ ಅವನಿಗೆ ತಿಳಿಯದು. ಗಂಗಾ ನನ್ನನ್ನು ನೋಡಿದಳು. ನಾನು ಬಗ್ಗಿ ತೆಂಗಿನ ಬುಡದಿಂದ ಒಂದು ಹಿಡಿ ಮಣ್ಣು ತೆಗೆದು ಅವಳ ಕೈಗೆ ಕೊಟ್ಟೆ. ನಮ್ಮಲ್ಲೂ ಕೊನೆಗೆ ಹಾಕುವುದು ಹಿಡಿ ಮಣ್ಣೇ, ಅವರಲ್ಲೂ ಅದೇ. ಅವಳು ಕಲ್ಲಿನ ಪಕ್ಕ ಕೂತು, ಮಣ್ಣನ್ನು ಬೆರಳಲ್ಲಿ ಪುಡಿ ಮಾಡಿ ಸುರಿದಳು. "ಬಂದೆ ಕಣಪ್ಪ" ಅಂದಳು. ನಾನೂ ಒಂದು ಹಿಡಿ ಹಾಕಿದೆ. ಹನ್ನೊಂದು ವರ್ಷ ತಡವಾಗಿತ್ತು.

ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಅವಳು, ಈಚೆ ನಾನು. ಊರಿನ ಕೊನೆಯ ಮನೆ ದಾಟಿದ ಮೇಲೆ ಅವಳು ಆಚೆಯೇ ನೋಡುತ್ತ ಅಂದಳು:

"ರೀ, ಆ ಮನುಷ್ಯ ಆಮೇಲೆ ಏನ್ ಮಾಡ್ದ?"

"ಯಾವ ಮನುಷ್ಯ?"

"ಅದೇ, ಅಪ್ಪನ್ನ ಮಣ್ಣು ಮಾಡಿ ಬರ್ತೀನಿ ಅಂದೋನು. ಊರಿಗೆ ಹೋದ್ನಾ, ಯೇಸು ಹಿಂದೆ ಬಂದ್ನಾ?"

ಹನ್ನೊಂದು ವರ್ಷದ ಮೇಲೆ ಬಂದ ಮೊದಲ ಪ್ರಶ್ನೆ.

"ಬರ್ದಿಲ್ಲ" ಅಂದೆ. "ಗೊತ್ತಿಲ್ಲ ಕಣೇ."

ಅವಳು ನನ್ನ ಕಡೆ ತಿರುಗಿ ನೋಡಿದಳು, ನಾನು ಏನೋ ಹೊಸ ಭಾಷೆ ಮಾತಾಡಿದ ಹಾಗೆ. ಆಮೇಲೆ ಮತ್ತೆ ಕಿಟಕಿಯ ಕಡೆ ತಿರುಗಿ, "ಹೋಗಿರ್ತಾನೆ ಬುಡಿ" ಅಂದಳು.

ಪುಸ್ತಕ ಬೇಡ ಎಂದು ಪಾಸ್ಟರಿಗೆ ಹೇಳಿಬಿಟ್ಟೆ. ಬುಧವಾರದ ಕೂಟ ನಿಲ್ಲಿಸಿಲ್ಲ. ಡಬ್ಬದ ಬೀಗ ತೆಗೆದು, ಹೆಸರು ಬರೆಯದ ಚೀಟಿಗೆ ಉತ್ತರವಿಲ್ಲ ಎಂದೆ. ಸೈಮಣ್ಣ, "ಏನಣ್ಣ, ಈಗ ಹಾಜರಾತಿ ಬೇರೆ ತಗೋತೀರಾ?" ಅಂದ. ಮೊನ್ನೆ ಒಬ್ಬ ಹೆಣ್ಣುಮಗಳು ಹೆತ್ತವರನ್ನು ದ್ವೇಷಿಸುವ ಆ ಮಾತಿನ ಬಗ್ಗೆ ಹೆಸರು ಬರೆದೇ ಕೇಳಿದ್ದಳು. ನಾನು ಎದ್ದು ನಿಲ್ಲಲಿಲ್ಲ. ಟೀ ಮುಗಿದ ಮೇಲೆ ಹತ್ತಿರ ಹೋಗಿ, "ಊರಲ್ಲಿ ಅಮ್ಮ ಹೆಂಗವ್ರಮ್ಮ?" ಎಂದು ಕೇಳಿದೆ. ಅವಳು ಅಳಲು ಶುರು ಮಾಡಿದಳು. ಗಂಗಾ ಲೋಟಗಳನ್ನು ಅಲ್ಲೇ ಬಿಟ್ಟು ಬಂದು ಅವಳ ಪಕ್ಕ ಕೂತಳು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಲೇತ್ ಎರಡು. ಮೂರು ಕೋಣೆಯ ಮನೆ ಒಂದು. ಮದುವೆಯಾಗಿ ಕೋರ ಎಂಬ ಊರಲ್ಲಿರುವ ಮಗಳು ಒಬ್ಬಳು. ಅಪ್ಪನ ಕಪ್ಪು ಹೆಬ್ಬೆಟ್ಟಿನ ಗುರುತಿರುವ ಸುವಾರ್ತೆ ಒಂದು. ಬೀಗವಿಲ್ಲದ ತಗಡಿನ ಡಬ್ಬ ಒಂದು. ತಂತಿಯಲ್ಲಿ ಚೀಟಿ ಮುನ್ನೂರ ಹನ್ನೊಂದು. ಹೆಂಡತಿ ಒಬ್ಬಳು. ಇನ್ನೊಂದು ಚೀಟಿ, ಆ ಕ್ಯಾಲೆಂಡರ್ ಹಾಳೆಯದು, ಅವಳ ಹತ್ತಿರ ಇದೆ, ಹುಳಿಪುಡಿ ಡಬ್ಬದ ಹಿಂದೆ. ಅದು ನನ್ನ ಎಣಿಕೆಗೆ ಸೇರಿದ್ದಲ್ಲ.